ಪೈಲಟ್‌ಗಳ ಸಹಿ ಇರುವ ಯುದ್ಧ ವಿಮಾನ ಚಿತ್ರಗಳು: ನಮ್ಮಲ್ಲಿ ಈಗಲೇ ಶುರುವಾಗಲಿ

ಮಾನ್ಯ ಸಂಪಾದಕರೇ,

ವಾಯುಪಡೆ ದಿನದ ನಿಮ್ಮ ವಿಶೇಷ ಪುಟ ಓದಿದೆ. ಫೋಟೊಗಳು ಚೆನ್ನಾಗಿದ್ದವು. ಆದರೆ ಎಲ್ಲಾ ಇವತ್ತಿನ ವಿಮಾನಗಳೇ. ತೇಜಸ್, ರಫೇಲ್, ಸುಖೋಯ್. ಹಳೆಯ ಯುದ್ಧಗಳಲ್ಲಿ ಹಾರಿದ ವಿಮಾನಗಳಿಗೂ ಅವನ್ನು ಹಾರಿಸಿದವರಿಗೂ ಒಂದು ಮೂಲೆಯಲ್ಲಾದರೂ ಜಾಗ ಕೊಡಬಹುದಿತ್ತು. ರಾಯಚೂರು, ಕೊಪ್ಪಳ, ಬಳ್ಳಾರಿ ಕಡೆಯವರಾದ ನಮಗೆ ಆ ಹಳೆಯ ವಿಮಾನಗಳ ಜೊತೆ ಒಂದು ಸಂಬಂಧ ಇದೆ. ಅದು ನಮ್ಮಲ್ಲಿ ಬಹಳ ಜನಕ್ಕೆ ಗೊತ್ತಿಲ್ಲ. ಅದನ್ನು ಹೇಳುವುದಕ್ಕೆ, ಹಾಗೇ ಒಂದು ಕೆಲಸ ತಡಮಾಡದೆ ಆಗಬೇಕು ಅಂತ ಕೇಳುವುದಕ್ಕೆ ಈ ಪತ್ರ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದವಾಗಿದೆ, ಸಾಧ್ಯವಾದರೆ ಪೂರ್ತಿ ಹಾಕಿ.

ನಾನು ಯುದ್ಧ ವಿಮಾನಗಳ ಚಿತ್ರ ಸಂಗ್ರಹಿಸುವವನು. ಕಲಾವಿದರು ಬಣ್ಣದಲ್ಲಿ ಬರೆದ ಚಿತ್ರದ ಪ್ರಿಂಟ್‌ಗಳು. ಅದರಲ್ಲೂ ಆ ವಿಮಾನ ಹಾರಿಸಿದ ಪೈಲಟ್ ತಾವೇ ಕೂತು ಪೆನ್ಸಿಲ್‌ನಲ್ಲಿ ಸಹಿ ಹಾಕಿದ ಪ್ರಿಂಟ್ ಸಿಕ್ಕಿದರೆ ನನಗೆ ಬೇರೇನೂ ಬೇಡ.

ಇಂಗ್ಲೆಂಡಿನಲ್ಲಿ ಇದು ದೊಡ್ಡ ಹವ್ಯಾಸ. ಅಲ್ಲಿ ವಿಮಾನ ಚಿತ್ರಕಾರರದೇ ಒಂದು ಸಂಘ 1971ರಿಂದ ಇದೆ. 1980ರ ಆಸುಪಾಸಿನಲ್ಲಿ ಬಾತ್ ಊರಿನ ರಾಬರ್ಟ್ ಟೇಲರ್ ಎಂಬ ಕಲಾವಿದರ ಚಿತ್ರಗಳಿಂದ ಸಹಿ ಪ್ರಿಂಟ್‌ಗಳ ಕಡೆ ಜನರ ಒಲವು ಜೋರಾಯಿತು. ಕಲಾವಿದರು ಮೊದಲು ಕ್ಯಾನ್ವಾಸ್ ಮೇಲೆ ದೊಡ್ಡ ಚಿತ್ರ ಬರೆಯುತ್ತಾರೆ. ಆಮೇಲೆ ಅದನ್ನು ಆಸಿಡ್ ಇಲ್ಲದ ಒಳ್ಳೆಯ ಕಾಗದದ ಮೇಲೆ ಅಚ್ಚು ಹಾಕಿಸುತ್ತಾರೆ. ಎಷ್ಟು ಪ್ರತಿ ಅಂತ ಮೊದಲೇ ತೀರ್ಮಾನ ಆಗಿರುತ್ತದೆ. 500 ಅಂದರೆ 500, ಮುಗಿದ ಮೇಲೆ ಮತ್ತೆ ಹಾಕಿಸುವಂತಿಲ್ಲ. ಚಿತ್ರದ ಕೆಳಗಿನ ಬಿಳಿ ಅಂಚಿನಲ್ಲಿ 125/500 ಅಂತ ಕೈಯಿಂದ ನಂಬರ್ ಬರೆಯುತ್ತಾರೆ. ಕಲಾವಿದರ ಸಹಿ ಬೀಳುತ್ತದೆ. ಆಮೇಲೆ ಆ ಇಡೀ ಕಟ್ಟನ್ನು ಆ ವಿಮಾನ ಹಾರಿಸಿದ ಹಿರಿಯರ ಮುಂದೆ ಇಡುತ್ತಾರೆ, ಅವರು ಒಂದೊಂದೇ ಹಾಳೆ ಎಳೆದುಕೊಂಡು ಸಹಿ ಹಾಕುತ್ತಾ ಹೋಗುತ್ತಾರೆ. ಕೆಲವು ಪ್ರತಿಗಳ ಅಂಚಿನಲ್ಲಿ ಕಲಾವಿದರು ಪೆನ್ಸಿಲ್‌ನಲ್ಲೇ ಇನ್ನೊಂದು ಪುಟ್ಟ ವಿಮಾನ ಬಿಡಿಸಿಕೊಡುತ್ತಾರೆ. ಅದಕ್ಕೆ ರೆಮಾರ್ಕ್ ಅನ್ನುತ್ತಾರೆ, ಅದರ ಬೆಲೆಯೇ ಬೇರೆ.

ಸಹಿ ಹಾಕಿದವರು ಯಾರು ಅಂತ ನೋಡಿ. ಡಗ್ಲಸ್ ಬೇಡರ್ 1931ರ ಅಪಘಾತದಲ್ಲಿ ಎರಡೂ ಕಾಲು ಕಳೆದುಕೊಂಡವರು. ಎರಡನೇ ಮಹಾಯುದ್ಧದಲ್ಲಿ ಕೃತಕ ಕಾಲಲ್ಲೇ ಬ್ರಿಟಿಷರ ಫೈಟರ್ ವಿಮಾನಗಳಾದ ಸ್ಪಿಟ್‌ಫೈರ್, ಹರಿಕೇನ್ ಎರಡನ್ನೂ ಹಾರಿಸಿದರು. 1941ರ ಆಗಸ್ಟ್‌ನಲ್ಲಿ ಫ್ರಾನ್ಸ್‌ನಲ್ಲಿ ಜರ್ಮನರ ಕೈಗೆ ಸಿಕ್ಕಿಬಿದ್ದಾಗ ಅವರನ್ನು ಕರೆಸಿಕೊಂಡು ಉಪಚರಿಸಿದವರು ಜರ್ಮನಿಯ ಫೈಟರ್ ಪೈಲಟ್ ಅಡಾಲ್ಫ್ ಗಾಲಂಡ್. ಯುದ್ಧ ಮುಗಿದ ಮೇಲೆ ಇಬ್ಬರೂ ಸ್ನೇಹಿತರಾದರು. ಇಂಥವರೆಲ್ಲ ವಯಸ್ಸಾದ ಮೇಲೆ ಪ್ರಿಂಟ್‌ಗಳಿಗೆ ಸಹಿ ಹಾಕಿದ್ದಾರೆ. ಒಂದು ಕಾಲಕ್ಕೆ ಒಬ್ಬರನ್ನೊಬ್ಬರು ಬೆನ್ನಟ್ಟಿ ಗುಂಡು ಹಾರಿಸಿದ ಎರಡೂ ಕಡೆಯವರ ಹೆಸರು ಒಂದೇ ಕಾಗದದ ಅಂಚಿನಲ್ಲಿ ಅಕ್ಕಪಕ್ಕ ಇರುವ ಪ್ರಿಂಟ್‌ಗಳೂ ಇವೆ. ಅಂಥದ್ದನ್ನು ಕೈಯಲ್ಲಿ ಹಿಡಿದು ನೋಡಿದಾಗ ನನಗೆ ಆಗುವ ಅನುಭವ ಯಾವ ಇತಿಹಾಸದ ಪಾಠದಿಂದಲೂ ಆಗಿಲ್ಲ.

ಇನ್ನು ನಮ್ಮ ಕಡೆಯ ವಿಷಯಕ್ಕೆ ಬರುತ್ತೇನೆ.

1940ರಲ್ಲಿ ರಾಯಚೂರು, ಕೊಪ್ಪಳ ಎರಡೂ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿದ್ದವು. ಬಳ್ಳಾರಿ ಮದ್ರಾಸ್ ಪ್ರೆಸಿಡೆನ್ಸಿಯಲ್ಲಿತ್ತು. ಯುದ್ಧ ವಿಮಾನ ಕೊಳ್ಳಲು ಹಣ ಕೊಟ್ಟ ಪ್ರಾಂತ್ಯಗಳ ಹೆಸರನ್ನು ಬ್ರಿಟಿಷ್ ವಾಯುಪಡೆಯವರು ತಮ್ಮ ಸ್ಕ್ವಾಡ್ರನ್‌ಗಳಿಗೆ, ಅಂದರೆ ವಿಮಾನ ದಳಗಳಿಗೆ, ಇಡುತ್ತಿದ್ದರು. ಹಾಗೆ ಬಂದದ್ದು 152ನೇ ಹೈದರಾಬಾದ್ ಸ್ಕ್ವಾಡ್ರನ್. ಅವರದು ಸ್ಪಿಟ್‌ಫೈರ್. 253ನೇ ಹೈದರಾಬಾದ್ ಸ್ಟೇಟ್ ಸ್ಕ್ವಾಡ್ರನ್ ಇನ್ನೊಂದು, ಅವರದು ಹರಿಕೇನ್. ಮದ್ರಾಸ್ ಪ್ರೆಸಿಡೆನ್ಸಿ ಹೆಸರಿನಲ್ಲಿ 79, 234, 264 ಅಂತ ಮೂರು ಸ್ಕ್ವಾಡ್ರನ್ ಇದ್ದವು. 152ನೇ ಸ್ಕ್ವಾಡ್ರನ್‌ನ ಲಾಂಛನದಲ್ಲಿ ಇರುವುದು ನಿಜಾಮರ ರುಮಾಲು. ಇಂಗ್ಲೆಂಡಿನ ಆಕಾಶದಲ್ಲಿ ಜರ್ಮನರ ಬಾಂಬರ್‌ಗಳನ್ನು ತಡೆದವರ ಲಾಂಛನ ಅದು!

ನಿಜಾಮರ ಆಡಳಿತದ ಬಗ್ಗೆ, ಅದರಲ್ಲೂ ರಜಾಕಾರರ ದಿನಗಳ ಬಗ್ಗೆ ನಮ್ಮ ಹಿರಿಯರಿಗೆ ಇದ್ದ ಸಿಟ್ಟು ನನಗೆ ಚೆನ್ನಾಗಿ ಗೊತ್ತು. ಆ ದಾನವನ್ನು ಹೊಗಳುವುದು ನನ್ನ ಉದ್ದೇಶ ಅಲ್ಲ. ಸಂಸ್ಥಾನದ ಖಜಾನೆ ತುಂಬಿದ್ದು ಎಲ್ಲಿಂದ? ಕೃಷ್ಣಾ, ತುಂಗಭದ್ರಾ ನಡುವಿನ ನಮ್ಮ ದೋಆಬಿನ ಹೊಲಗಳ ಕಂದಾಯವೂ ಅದರಲ್ಲಿ ಸೇರಿತ್ತು ಅಲ್ವಾ? ಜೋಳ, ಹತ್ತಿ ಬೆಳೆದ ನಮ್ಮ ಅಜ್ಜಂದಿರ ಬೆವರಿನ ಪಾಲು ಆ ವಿಮಾನಗಳಲ್ಲಿ ಇತ್ತು. ಅವರಿಗೆ ಅದು ಗೊತ್ತೂ ಇರಲಿಲ್ಲ, ಯಾರೂ ಅವರನ್ನು ಕೇಳಲೂ ಇಲ್ಲ. ನಮಗಾದರೂ ಗೊತ್ತಿರಲಿ ಅನ್ನುತ್ತೇನೆ.

ನನ್ನ ಹತ್ತಿರ 152ರ ಒಂದು ಪ್ರಿಂಟ್ ಇದೆ. ಸ್ಪಿಟ್‌ಫೈರ್‌ನ ಪಕ್ಕದಲ್ಲಿ ಯುಎಂ ಎಂಬ ಎರಡು ಅಕ್ಷರ ದೊಡ್ಡದಾಗಿ ಬರೆದಿದೆ. ಅದು ಆ ಸ್ಕ್ವಾಡ್ರನ್‌ನ ಗುರುತು. ಕೆಳಗೆ ಡಾರ್ಸೆಟ್ ಕರಾವಳಿಯ ಬಿಳಿ ಸುಣ್ಣದ ಬಂಡೆಗಳು, ಹಸಿರು ನೀರು. ಆ ಸ್ಕ್ವಾಡ್ರನ್ 1940ರಲ್ಲಿ ಅಲ್ಲಿನ ವಾರ್ಮ್‌ವೆಲ್ ಎಂಬಲ್ಲಿಂದ ಹಾರಿ ಪೋರ್ಟ್‌ಲ್ಯಾಂಡ್ ನೌಕಾನೆಲೆಯನ್ನು ಕಾಯುತ್ತಿತ್ತು. ಕಲಾವಿದರು ರೆಕ್ಕೆಯ ಮೇಲೆ ಬಂದೂಕಿನ ಬಾಯಿ ಇರುವ ಕಡೆ ಹೊಗೆಯ ಕಪ್ಪು ಗೆರೆ ಎಳೆದಿದ್ದಾರೆ. ಅಂದರೆ ಈಗಷ್ಟೇ ಗುಂಡು ಹಾರಿಸಿದ ವಿಮಾನ. ಅಂಚಿನಲ್ಲಿ ಆ ಸ್ಕ್ವಾಡ್ರನ್‌ನಲ್ಲಿದ್ದ ಪೈಲಟ್ ಒಬ್ಬರ ಸಹಿ. ಮೊದಲ ಅಕ್ಷರ ಗಟ್ಟಿಯಾಗಿ ಒತ್ತಿ ಬರೆದದ್ದು, ಕೊನೆಯ ಎರಡು ಅಕ್ಷರ ನಡುಗಿವೆ, ಗೆರೆ ಸ್ವಲ್ಪ ಕೆಳಗೆ ಜಾರಿದೆ. ವಯಸ್ಸಾದವರ ಕೈ. ಅದೇ ಕೈ ಇಪ್ಪತ್ತರ ಹರೆಯದಲ್ಲಿ ನಿಜಾಮರ ರುಮಾಲಿನ ಲಾಂಛನದ ಸ್ಕ್ವಾಡ್ರನ್‌ನಲ್ಲಿ ವಿಮಾನದ ಕೋಲು ಹಿಡಿದಿತ್ತು. ಮನೆಗೆ ಬಂದವರಿಗೆ ನಾನು ಮೊದಲು ತೋರಿಸುವುದು ಈ ಸಹಿಯನ್ನೇ, ವಿಮಾನವನ್ನು ಆಮೇಲೆ.

ಇದೇ ಸ್ಕ್ವಾಡ್ರನ್ 1943ರ ಕೊನೆಗೆ ಪೂರ್ವಕ್ಕೆ ಬಂತು, ಬರ್ಮಾ ಯುದ್ಧದಲ್ಲಿ ಹಾರಿತು. ಬರ್ಮಾ ಯುದ್ಧದ ಚಿತ್ರ ಕೊಳ್ಳುವವರು ಒಂದು ಸಂಗತಿ ಗಮನಿಸಬೇಕು. ಬ್ರಿಟಿಷ್ ವಿಮಾನದ ವೃತ್ತದ ಗುರುತಿನಲ್ಲಿ ನಡುವೆ ಕೆಂಪು ಇರುತ್ತದೆ. ಆದರೆ ಬರ್ಮಾದಲ್ಲಿ ಆ ಕೆಂಪನ್ನು ತೆಗೆದಿದ್ದರು, ಜಪಾನಿಯರ ಕೆಂಪು ಸೂರ್ಯ ಅಂತ ತಪ್ಪು ತಿಳಿದು ನಮ್ಮವರೇ ಹೊಡೆದು ಬಿಡಬಾರದು ಅಂತ. ಆ ದಿನಗಳ ಚಿತ್ರದಲ್ಲಿ ಕೆಂಪು ಚುಕ್ಕೆ ಇದ್ದರೆ ಕಲಾವಿದರು ಸರಿಯಾಗಿ ಓದಿಕೊಂಡಿಲ್ಲ ಅಂತ ಅರ್ಥ. ನಾನಂತೂ ಅಂಥದ್ದನ್ನು ಕೊಳ್ಳುವುದಿಲ್ಲ.

ಬಳ್ಳಾರಿಯವರಿಗೂ ಒಂದು ಹೆಸರು ಹೇಳುತ್ತೇನೆ. ಬಾಬ್ ಡೋ. 1940ರಲ್ಲಿ 234ನೇ ಸ್ಕ್ವಾಡ್ರನ್‌ನಲ್ಲಿ, ಅಂದರೆ ಮದ್ರಾಸ್ ಪ್ರೆಸಿಡೆನ್ಸಿಯ ಹೆಸರು ಹೊತ್ತ ಸ್ಕ್ವಾಡ್ರನ್‌ನಲ್ಲಿ ಸ್ಪಿಟ್‌ಫೈರ್ ಹಾರಿಸಿದವರು. ಮುಂದೆ ಅವರು ಭಾರತಕ್ಕೇ ಬಂದು ನಮ್ಮ ಭಾರತೀಯ ವಾಯುಪಡೆಯ 10ನೇ ಸ್ಕ್ವಾಡ್ರನ್ ಕಟ್ಟಿದರು, ಬರ್ಮಾದಲ್ಲಿ ಅದನ್ನು ಮುನ್ನಡೆಸಿದರು. 2010ರಲ್ಲಿ ತೀರಿಕೊಂಡರು. ಅವರು ಬದುಕಿದ್ದಾಗ ಬಹಳ ಪ್ರಿಂಟ್‌ಗಳಿಗೆ ಸಹಿ ಹಾಕಿದ್ದರಿಂದ ಅವರ ಸಹಿ ಇವತ್ತಿಗೂ ಹುಡುಕಿದರೆ ಸಿಗುತ್ತದೆ. ಯುದ್ಧಕ್ಕೆ ಸಂಬಂಧ ಇಲ್ಲದಿದ್ದರೂ ಇಲ್ಲಿ ಇನ್ನೊಂದು ಮಾತು ಹೇಳದೆ ಇರಲಾರೆ. 1932ರ ಅಕ್ಟೋಬರ್‌ನಲ್ಲಿ ಟಾಟಾದವರ ಮೊದಲ ಟಪಾಲು ವಿಮಾನ ಕರಾಚಿಯಿಂದ ಮುಂಬೈಗೆ ಬಂದ ಮೇಲೆ ಅಲ್ಲಿಂದ ಮದ್ರಾಸಿಗೆ ಹೋದದ್ದು ಬಳ್ಳಾರಿಯ ಮೇಲೆಯೇ. ಹಾರಿಸಿದವರು ನೆವಿಲ್ ವಿನ್ಸೆಂಟ್, ಬ್ರಿಟಿಷ್ ವಾಯುಪಡೆಯಲ್ಲಿದ್ದವರು. ಬಳ್ಳಾರಿ ಗುಡ್ಡದ ಕೋಟೆ ಹಿಂದೆ, ಪುಟ್ಟ ಪುಸ್ ಮಾತ್ ವಿಮಾನ ಇಳಿಯುತ್ತಾ ಮುಂದೆ! ನಮ್ಮ ಕಲಾವಿದರು ಯಾರಾದರೂ ಇದನ್ನು ಬರೆದರೆ ಎಷ್ಟು ಚೆನ್ನಾಗಿರುತ್ತದೆ.

ಸರಿ, ಈಗ ಮುಖ್ಯ ಮಾತು.

1940ರ ಬ್ರಿಟನ್ ಆಕಾಶ ಯುದ್ಧದಲ್ಲಿ ಮೂರು ಸಾವಿರದ ಹತ್ತಿರ ಹತ್ತಿರ ಜನ ಹಾರಿದ್ದರು. ಅವರಲ್ಲಿ ಕೊನೆಯವರಾದ ಪ್ಯಾಡಿ ಹೆಮಿಂಗ್ವೇ 2025ರ ಮಾರ್ಚ್‌ನಲ್ಲಿ 105ನೇ ವಯಸ್ಸಿನಲ್ಲಿ ತೀರಿಕೊಂಡರು. ಅಲ್ಲಿಗೆ ಮುಗಿಯಿತು. ಇನ್ನು ಆ ಯುದ್ಧದ ಎಷ್ಟು ಒಳ್ಳೆಯ ಚಿತ್ರ ಬಂದರೂ ಅದಕ್ಕೆ ಸಹಿ ಹಾಕಲು ಯಾರೂ ಇಲ್ಲ. ಇರುವ ಪ್ರಿಂಟ್‌ಗಳೇ ಕೈಯಿಂದ ಕೈಗೆ ಹೋಗಬೇಕು. ಆದರೆ ಅಲ್ಲಿನವರು ನಲವತ್ತು ವರ್ಷ ಮೊದಲೇ ಎಚ್ಚೆತ್ತುಕೊಂಡು ಆ ಹಿರಿಯರ ಮುಂದೆ ಕಾಗದ ಇಟ್ಟರು, ಕಥೆ ಕೇಳಿದರು, ಸಹಿ ಹಾಕಿಸಿದರು. ಎಷ್ಟೋ ಪ್ರಿಂಟ್‌ಗಳ ಹಣದ ಒಂದು ಪಾಲು ವಾಯುಪಡೆಯವರ ಕುಟುಂಬಗಳ ನಿಧಿಗೂ ಹೋಯಿತು.

ನಮ್ಮವರ ಕಥೆ ಏನು? ಮಹಿಂದರ್ ಸಿಂಗ್ ಪುಜ್ಜಿ ಪೇಟ ಸುತ್ತಿಕೊಂಡೇ ಹರಿಕೇನ್ ಹಾರಿಸಿದವರು, 2010ರಲ್ಲಿ ಹೋದರು. ಇಂಫಾಲದಲ್ಲಿ ಹರಿಕೇನ್ ಸ್ಕ್ವಾಡ್ರನ್ ಮುನ್ನಡೆಸಿದ ಅರ್ಜನ್ ಸಿಂಗ್ 2017ರಲ್ಲಿ ಹೋದರು. 1965ರ ಯುದ್ಧದಲ್ಲಿ ನ್ಯಾಟ್ ಎಂಬ ಪುಟ್ಟ ಫೈಟರ್ ವಿಮಾನದಲ್ಲಿ ಪಾಕಿಸ್ತಾನದ ಸೇಬರ್ ವಿಮಾನಗಳನ್ನು ಎದುರಿಸಿ ವೀರಚಕ್ರ ಪಡೆದ ಕೀಲರ್ ಅಣ್ಣತಮ್ಮಂದಿರಲ್ಲಿ ಟ್ರೆವರ್ 2002ರಲ್ಲಿ, ಡೆನ್ಜಿಲ್ 2024ರಲ್ಲಿ ಹೋದರು. 1971ರಲ್ಲಿ ಇಪ್ಪತ್ತೈದು ವರ್ಷದವರಾಗಿದ್ದ ಪೈಲಟ್‌ಗಳು ಈಗ ಎಂಬತ್ತರ ಆಸುಪಾಸಿನಲ್ಲಿದ್ದಾರೆ. ನಿವೃತ್ತರಾದ ಮೇಲೆ ಬೆಂಗಳೂರಿನಲ್ಲೇ ನೆಲೆಸಿದವರು ಬಹಳ ಜನ. ನಮ್ಮ ಊರಿಂದ ರಾತ್ರಿ ರೈಲು ಹತ್ತಿದರೆ ಬೆಳಿಗ್ಗೆ ಅವರ ಮನೆ ಬಾಗಿಲು. ಆದರೂ ಯಾರೂ ಹೋಗಿ ಕೇಳುತ್ತಿಲ್ಲ ಅನ್ನುವುದೇ ನನ್ನ ಸಂಕಟ.

ಚಿತ್ರಕ್ಕೆ ವಿಷಯ ಇಲ್ಲವೇ? ಕೊಡಗಿನ ಅಜ್ಜಮಾಡ ದೇವಯ್ಯ ಒಬ್ಬರೇ ಸಾಕು. 1965ರ ಸೆಪ್ಟೆಂಬರ್ 7ರಂದು ಪಾಕಿಸ್ತಾನದ ಸರ್ಗೋಧಾ ವಾಯುನೆಲೆಯ ಮೇಲಿನ ದಾಳಿಗೆ ಹೊರಟವರಲ್ಲಿ ಅವರು ಮೀಸಲು ಪೈಲಟ್. ಒಂದು ವಿಮಾನ ಹಿಂದೆ ಉಳಿದಾಗ ಇವರು ಸೇರಿಕೊಂಡರು. ಅವರದು ಮಿಸ್ಟೇರ್, ವೇಗ ಕಡಿಮೆಯ ವಿಮಾನ. ಎದುರಿಗೆ ಬಂದದ್ದು ಸ್ಟಾರ್‌ಫೈಟರ್, ಶಬ್ದದ ಎರಡು ಪಟ್ಟು ವೇಗದ್ದು. ದೇವಯ್ಯ ಓಡಿಹೋಗದೆ ತಿರುಗಿ ನಿಂತು ಅದನ್ನು ಹೊಡೆದು ಉರುಳಿಸಿದರು, ತಾವೂ ಮರಳಲಿಲ್ಲ. ಅವರು ಏನು ಮಾಡಿದರು ಅಂತ ನಮ್ಮವರಿಗೆ ವರ್ಷಗಟ್ಟಲೆ ಗೊತ್ತೇ ಇರಲಿಲ್ಲ. 1979ರಲ್ಲಿ ಬ್ರಿಟಿಷ್ ಲೇಖಕರೊಬ್ಬರ ಪುಸ್ತಕ ಬಂದ ಮೇಲೆ ಸತ್ಯ ಹೊರಬಿತ್ತು. ಮಹಾವೀರ ಚಕ್ರ ಸಿಕ್ಕಿದ್ದು 1988ರಲ್ಲಿ, 23 ವರ್ಷದ ಮೇಲೆ. ಸಾಕ್ಷಿ ಹೇಳುವವರು ಇದ್ದಾಗಲೇ ಬರೆದಿಡದಿದ್ದರೆ ಏನಾಗುತ್ತದೆ ಅನ್ನುವುದಕ್ಕೆ ಇದಕ್ಕಿಂತ ಉದಾಹರಣೆ ಬೇಕೇ?

1971ರ ನವೆಂಬರ್ 22ರ ಬೋಯ್ರಾ ಕಾಳಗ ಇದೆ. ಮಾಸ್ಸಿ, ಗಣಪತಿ, ಲಾಜರಸ್, ಸೋರೆಸ್ ನಾಲ್ವರು ನಾಲ್ಕು ನ್ಯಾಟ್‌ಗಳಲ್ಲಿ ಹೋಗಿ ಸೇಬರ್‌ಗಳನ್ನು ಹೊಡೆದರು. ಅವತ್ತು ಸೆರೆ ಸಿಕ್ಕ ಪಾಕಿಸ್ತಾನಿ ಪೈಲಟ್ ಒಬ್ಬರು ಮುಂದೆ ಅವರ ವಾಯುಪಡೆಯ ಮುಖ್ಯಸ್ಥರೇ ಆದರು. ಅದೇ ವರ್ಷದ ಡಿಸೆಂಬರ್ 14ರಂದು ಶ್ರೀನಗರದಲ್ಲಿ ಒಬ್ಬರೇ ಹೋರಾಡಿ ಮಡಿದ ನಿರ್ಮಲ್‌ಜಿತ್ ಸಿಂಗ್ ಸೆಖೋನ್ ಇದ್ದಾರೆ, ವಾಯುಪಡೆಗೆ ಬಂದ ಒಂದೇ ಒಂದು ಪರಮವೀರ ಚಕ್ರ ಅವರದು. ಅವರದೂ ನ್ಯಾಟ್. ರೆಕ್ಕೆಯ ತುದಿಯಿಂದ ತುದಿಗೆ ಏಳು ಮೀಟರ್ ಕೂಡ ಇಲ್ಲದ ವಿಮಾನ ಅದು. ಬೆಂಗಳೂರಿನ ಎಚ್‌ಎಎಲ್‌ನಲ್ಲಿ, ನಮ್ಮ ರಾಜ್ಯದಲ್ಲಿ, ಅದನ್ನು ಸಾಲಾಗಿ ತಯಾರಿಸಿದರು.

ಮಾರುತ್ ಯುದ್ಧ ವಿಮಾನ ಅಂತೂ ಪೂರ್ತಿ ನಮ್ಮ ಬೆಂಗಳೂರಿನ ಕೂಸು. ಅದರ ವಿನ್ಯಾಸ ಮಾಡಿದವರು ಕುರ್ಟ್ ಟ್ಯಾಂಕ್. ಮಹಾಯುದ್ಧದಲ್ಲಿ ಜರ್ಮನಿಯ ಫೋಕೆ ವುಲ್ಫ್ 190 ಫೈಟರ್ ಮಾಡಿದ್ದೂ ಅವರೇ! ಆ ವಿಮಾನದ ಸಹಿ ಪ್ರಿಂಟ್‌ಗಳಿಗೆ ಯುರೋಪಿನಲ್ಲಿ ಸಂಗ್ರಾಹಕರು ಮುಗಿಬೀಳುತ್ತಾರೆ. ಅದೇ ಮನುಷ್ಯ ಇಲ್ಲಿ ಕೂತು ಮಾಡಿದ ಮಾರುತ್‌ನ ಚಿತ್ರ ಹುಡುಕಿದರೆ ಸಿಗುವುದು ಅಪರೂಪ. 1961ರ ಜೂನ್ 17ರಂದು ಅದನ್ನು ಮೊದಲು ಹಾರಿಸಿದವರು ಸುರಂಜನ್ ದಾಸ್. 1970ರಲ್ಲಿ ಅದೇ ಮಾದರಿಯ ವಿಮಾನದ ಅಪಘಾತದಲ್ಲಿ ಅವರು ತೀರಿಕೊಂಡರು. ಬೆಂಗಳೂರಿನಲ್ಲಿ ಅವರ ಹೆಸರಿನ ರಸ್ತೆಯಲ್ಲಿ ದಿನಾ ಸಾವಿರಾರು ಜನ ಓಡಾಡುತ್ತಾರೆ. 1971ರಲ್ಲಿ ರಾಜಸ್ಥಾನದ ಗಡಿಯಲ್ಲಿ ಮಾರುತ್ ಹಾರಿಸಿದ ಪೈಲಟ್‌ಗಳನ್ನು ಹುಡುಕಿ ಸಹಿ ಹಾಕಿಸಲು ಇನ್ನೂ ಕಾಲ ಇದೆ.

ಪೈಲಟ್‌ಗಳದು ಮಾತ್ರ ಸಾಲದು ಅಂತಲೂ ನನಗೆ ಅನ್ನಿಸುತ್ತದೆ. ಎಚ್‌ಎಎಲ್‌ನಲ್ಲಿ ರಿವೆಟ್ ಹೊಡೆದವರು, ಎಂಜಿನ್ ಕೂರಿಸಿದವರು, ಗಡಿಯ ವಾಯುನೆಲೆಯಲ್ಲಿ ರಾತ್ರಿಯೆಲ್ಲ ಬಾಂಬು ತುಂಬಿದ ಏರ್‌ಮನ್‌ಗಳು, ಇವರ ಹೆಸರೂ ಆ ಅಂಚಿನಲ್ಲಿ ಇರಲಿ. ನಮ್ಮ ಜಿಲ್ಲೆಗಳಿಂದ ಆ ಕೆಲಸಗಳಿಗೆ ಹೋದವರು ಇದ್ದಾರೆ. ಇಂಗ್ಲೆಂಡಿನ ಪ್ರಿಂಟ್‌ಗಳಲ್ಲಿ ಇಂಥವರ ಸಹಿ ಕಡಿಮೆ. ನಾವು ಆ ತಪ್ಪು ಮಾಡುವುದು ಬೇಡ.

ಈ ಪತ್ರ ಓದಿ ಯಾರಿಗಾದರೂ ಸಂಗ್ರಹಿಸುವ ಆಸೆ ಹುಟ್ಟಿದರೆ ಕೆಲವು ಮಾತು ಹೇಳಿಬಿಡುತ್ತೇನೆ. ಸಹಿ ಇದೆ ಅಂತ ಆನ್‌ಲೈನ್‌ನಲ್ಲಿ ಮಾರುವ ಎಷ್ಟೋ ಪ್ರಿಂಟ್‌ಗಳಲ್ಲಿ ಸಹಿಯೂ ಚಿತ್ರದ ಜೊತೆಗೇ ಅಚ್ಚಾದದ್ದು. ವಾಚ್ ರಿಪೇರಿಯವರ ಹತ್ತಿರ ಇರುವಂಥ ಭೂತಗನ್ನಡಿ ಹಿಡಿದು ನೋಡಿ. ಅಚ್ಚಾದ ಸಹಿಯಲ್ಲಿ ಸಾಮಾನ್ಯವಾಗಿ ಸಣ್ಣ ಸಣ್ಣ ಚುಕ್ಕೆ ಕಾಣುತ್ತವೆ. ನಿಜವಾದ ಪೆನ್ಸಿಲ್ ಸಹಿಯಲ್ಲಿ ಚುಕ್ಕೆ ಇರಲ್ಲ. ಕಾಗದವನ್ನು ಬೆಳಕಿಗೆ ಓರೆಯಾಗಿ ಹಿಡಿದರೆ ಪೆನ್ಸಿಲ್ ಮಿನುಗುತ್ತದೆ, ಒತ್ತಿ ಬರೆದಿದ್ದರೆ ಕಾಗದ ತಗ್ಗಾಗಿರುವುದೂ ಕಾಣುತ್ತದೆ. ಪ್ರಕಾಶಕರ ಪ್ರಮಾಣಪತ್ರ ಇದೆಯೇ, ಅದರಲ್ಲಿರುವ ನಂಬರ್ ಪ್ರಿಂಟ್‌ನ ನಂಬರಿಗೆ ಹೊಂದುತ್ತದೆಯೇ ಕೇಳಿ. ಆ ಪೈಲಟ್ ತೀರಿಕೊಂಡ ವರ್ಷಕ್ಕೂ ಪ್ರಿಂಟ್ ಬಂದ ವರ್ಷಕ್ಕೂ ತಾಳೆ ಹಾಕಿ. ಬೇಡರ್ 1982ರಲ್ಲಿ ತೀರಿಕೊಂಡರು, ಅದಾದ ಮೇಲೆ ಅಚ್ಚಾದ ಪ್ರಿಂಟ್ ಮೇಲೆ ಅವರ ಸಹಿ ಹೇಗೆ ಬರುತ್ತದೆ?

ಫ್ರೇಮ್ ಹಾಕಿಸುವಾಗ ಇನ್ನೂ ಜಾಸ್ತಿ ಎಚ್ಚರ ಬೇಕು. ನನ್ನ ಗೆಳೆಯರೊಬ್ಬರು ಕಷ್ಟಪಟ್ಟು ತರಿಸಿದ ಪ್ರಿಂಟನ್ನು ಅಂಗಡಿಯೊಂದರಲ್ಲಿ ಕೊಟ್ಟು ಬಂದರು. ಬಿಳಿ ಅಂಚು ಸುಮ್ನೆ ವೇಸ್ಟ್ ಅಂದುಕೊಂಡು ಅಂಗಡಿಯವರು ಅದನ್ನು ಕತ್ತರಿಸಿ ಚೆಂದದ ಫ್ರೇಮ್ ಹಾಕಿ ಕೊಟ್ಟರು. ನಂಬರ್ ಹೋಯಿತು, ಅರ್ಧ ಸಹಿ ಹೋಯಿತು. ಪಾಪ ಅಂಗಡಿಯವರಿಗೆ ಏನು ಗೊತ್ತು, ಅವರ ಹತ್ತಿರ ದಿನಾ ಬರುವುದು ದೇವರ ಫೋಟೊ, ಮದುವೆ ಫೋಟೊ. ಹಾಗಾಗಿ ಎದುರಿಗೇ ನಿಂತು ಮಾಡಿಸಿ. ಹಿಂದೆ ಕಂದು ಹಾರ್ಡ್‌ಬೋರ್ಡ್ ನೇರವಾಗಿ ತಾಗಿಸಬೇಡಿ, ಅದರ ಆಸಿಡ್ ಕಾಗದಕ್ಕೆ ಹತ್ತಿ ಕೆಲವು ವರ್ಷದಲ್ಲಿ ಹಳದಿಯಾಗುತ್ತದೆ. ಗಾಜಿಗೂ ಪ್ರಿಂಟ್‌ಗೂ ನಡುವೆ ಮೌಂಟ್, ಅಂದರೆ ದಪ್ಪ ರಟ್ಟಿನ ಚೌಕಟ್ಟು, ಇರಲಿ. ನಮ್ಮ ರಾಯಚೂರಿನ ಬಿಸಿಲು ನಿಮಗೆ ಗೊತ್ತೇ ಇದೆ. ಕಿಟಕಿಯ ಎದುರಿನ ಗೋಡೆ ಬೇಡವೇ ಬೇಡ, ಬಣ್ಣ ಹಾರಿಹೋಗುತ್ತದೆ. ಪೆನ್ಸಿಲ್ ಮಾತ್ರ ಬಿಸಿಲಿಗೆ ಮಾಸುವುದಿಲ್ಲ. ಸ್ಕೆಚ್ ಪೆನ್ ಸಹಿ ಮಾಸುತ್ತದೆ. ನಮ್ಮಲ್ಲಿ ಯಾರಾದರೂ ಸಹಿ ಹಾಕಿಸುವುದಾದರೆ ಪೆನ್ಸಿಲ್ಲೇ ಕೊಡಿ.

ಈಗ ನನ್ನ ಕೋರಿಕೆ. ಕಿನ್ನಾಳದ ಚಿತ್ರಗಾರರ ಮನೆತನಗಳು ಇರುವ ನಾಡು ನಮ್ಮದು. ಈ ಭಾಗದ ಶಾಲೆಗಳಲ್ಲಿ ಒಳ್ಳೆಯ ಚಿತ್ರಕಲಾ ಶಿಕ್ಷಕರಿದ್ದಾರೆ. ಅವರಲ್ಲಿ ಒಬ್ಬರು ಮನಸ್ಸು ಮಾಡಿ ಒಂದು ಚಿತ್ರ ಬರೆಯಲಿ, ನ್ಯಾಟ್ ಆಗಲಿ, ಮಾರುತ್ ಆಗಲಿ, ದೇವಯ್ಯನವರ ಮಿಸ್ಟೇರ್ ಆಗಲಿ. ಬೆಂಗಳೂರಿನ ಎಚ್‌ಎಎಲ್ ಮ್ಯೂಸಿಯಂಗೆ ಹೋದರೆ ಮಾರುತ್ ವಿಮಾನವನ್ನು ಹತ್ತಿರದಿಂದಲೇ ನೋಡಿ ಅಳತೆ, ಆಕಾರ ಬರೆದುಕೊಳ್ಳಬಹುದು. ನೂರು ಪ್ರತಿ ಸಾಕು. ಒಳ್ಳೆಯ ಕಾಗದ, ಕೈಯಿಂದ ಬರೆದ ನಂಬರ್, ಆ ವಿಮಾನದ ಜೊತೆ ಕೆಲಸ ಮಾಡಿದವರ ಸಹಿ. ಮಾರಿ ಬಂದ ಹಣದಲ್ಲಿ ಒಂದು ಪಾಲು ಮಾಜಿ ಸೈನಿಕರ ಕುಟುಂಬಗಳಿಗೆ ಹೋಗಲಿ. ಒಂದು ಪ್ರತಿ ರಾಯಚೂರಿನ, ಒಂದು ಕೊಪ್ಪಳದ, ಒಂದು ಬಳ್ಳಾರಿಯ ಜಿಲ್ಲಾ ಗ್ರಂಥಾಲಯದ ಗೋಡೆಗೆ ಬರಲಿ.

ನಿಮ್ಮ ಪತ್ರಿಕೆಯಿಂದ ಆಗಬೇಕಾದದ್ದು ಇಷ್ಟು. ವಾಯುಪಡೆಯಲ್ಲಿ ಅಥವಾ ಎಚ್‌ಎಎಲ್‌ನಲ್ಲಿ 1965, 1971ರ ಹೊತ್ತಿಗೆ ಕೆಲಸ ಮಾಡಿದ ಈ ಮೂರು ಜಿಲ್ಲೆಗಳ ಹಿರಿಯರು ಯಾರಿದ್ದಾರೆ ಅಂತ ಒಂದು ಪ್ರಕಟಣೆ ಹಾಕಿ ಕೇಳಿ. ಮನೆಯವರು ನಿಮ್ಮ ಕಚೇರಿಗೆ ಬರೆಯಲಿ, ಅವರ ಒಪ್ಪಿಗೆ ಇದ್ದರೆ ಮಾತ್ರ ಮುಂದಿನ ಮಾತು. ಹಿರಿಯರನ್ನು ಭೇಟಿಯಾಗಲು ನಾನು ಸ್ವಂತ ಖರ್ಚಿನಲ್ಲಿ ಹೋಗುತ್ತೇನೆ. ಮೊದಲ ಪ್ರಿಂಟ್‌ಗೆ ಬೇಕಾದ ಕಾಗದದ ಖರ್ಚನ್ನೂ ಕೊಡುತ್ತೇನೆ. ಚಿತ್ರ ಬರೆಯಲು ಸಿದ್ಧ ಇರುವ ಕಲಾವಿದರು ಈ ಪತ್ರ ನೋಡಿದರೆ ಅವರೂ ನಿಮ್ಮ ಕಚೇರಿಯ ಮೂಲಕವೇ ತಿಳಿಸಲಿ.

ಇಂತಿ,
ನಿಮ್ಮ ಓದುಗ,
ರಾಯಚೂರು